ಮಗಳಿಗೆ ಎರಡನೇ ಸ್ಥಾನ, ಮಗನಿಗೆ ಬೆಂಚು: ಅಮೆರಿಕದ ಸಣ್ಣ ಕಾಲೇಜಿನ ಟೆನಿಸ್ ಲೆಕ್ಕ

ಪ್ರಶ್ನೆ: ನಾವು ಧಾರವಾಡದವರು. ನನಗೆ ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಇಬ್ಬರೂ ಈಗ ಹನ್ನೊಂದನೇ ಕ್ಲಾಸಿನಲ್ಲಿದ್ದಾರೆ. ಎಂಟು ವರ್ಷದವರಿದ್ದಾಗಿನಿಂದ ಟೆನಿಸ್ ಆಡುತ್ತಿದ್ದಾರೆ. ಮಗನ ಯುಟಿಆರ್ (ಆಟದ ಮಟ್ಟ ಅಳೆಯುವ ಅಂಕ, ಜಾಸ್ತಿ ಇದ್ದಷ್ಟೂ ಒಳ್ಳೆಯದು) 8.4, ಮಗಳದು 6.3. ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿನ ಕೋಚ್ ಇಬ್ಬರಿಗೂ ಮೇಲ್ ಬರೆದಿದ್ದಾರೆ. ಮಗಳಿಗೆ ‘ಮೊದಲ ವರ್ಷವೇ ಎರಡು ಅಥವಾ ಮೂರನೇ ಸ್ಥಾನದಲ್ಲಿ ಆಡಬಹುದು’ ಎಂದಿದ್ದಾರೆ. ಮಗನಿಗೆ ‘ತಂಡದಲ್ಲಿ ಜಾಗ ಇದೆ, ಆದರೆ ಆಡಿಸುತ್ತೇನೆ ಅಂತ ಈಗಲೇ ಮಾತು ಕೊಡಲಾರೆ’ ಎಂದಿದ್ದಾರೆ. ನಮ್ಮ ಕಡೆ ರ‍್ಯಾಂಕಿಂಗ್‌ನಲ್ಲಿ ಮಗನೇ ಮುಂದೆ. ಹಾಗಿದ್ದರೆ ಇದೇಕೆ? ಈ ನಡುವೆ ಒಬ್ಬ ಏಜೆಂಟ್ ಇಬ್ಬರಿಗೂ ಅಲ್ಲೇ ‘ಫುಲ್ ಸ್ಪೋರ್ಟ್ಸ್ ಸ್ಕಾಲರ್‌ಶಿಪ್’ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಈಗ 3 ಲಕ್ಷ, ಸ್ಕಾಲರ್‌ಶಿಪ್ ಬಂದ ಮೇಲೆ ಅದರ ಶೇ. 10 ಕೊಡಬೇಕಂತೆ. ನ್ಯೂಜೆರ್ಸಿಯಲ್ಲಿರುವ ಭಾವ ‘ಅದು ಡಿವಿಷನ್ ತ್ರೀ, ಥರ್ಡ್ ಕ್ಲಾಸು, ಬಿಟ್ಟುಬಿಡಿ’ ಅನ್ನುತ್ತಾರೆ. ಅಲ್ಲಿ ಸಣ್ಣ ಕಾಲೇಜುಗಳು ಮುಚ್ಚುತ್ತಿವೆ ಅಂತಲೂ ಓದಿದೆ. ಮಧ್ಯದಲ್ಲಿ ಟೆನಿಸ್ ತಂಡವನ್ನೇ ನಿಲ್ಲಿಸಿಬಿಟ್ಟರೆ ಮಕ್ಕಳ ವೀಸಾ ಏನಾಗುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ದುಡ್ಡಿನ ಚಿಂತೆ, ಮಗನಿಗೆ ಅನ್ಯಾಯವಾಯಿತಾ ಎಂಬ ಚಿಂತೆ, ಕಾಲೇಜೇ ಉಳಿಯುತ್ತದಾ ಎಂಬ ಚಿಂತೆ, ಮೂರೂ ಒಂದೇ ಗಂಟಾಗಿವೆ. ನಾನು ಒಹಾಯೋದ ಒಂದು ಸಣ್ಣ ಕಾಲೇಜಿನಲ್ಲಿ ಒಂಬತ್ತು ವರ್ಷ ಗಂಡುಮಕ್ಕಳ, ಹೆಣ್ಣುಮಕ್ಕಳ ಎರಡೂ ಟೆನಿಸ್ ತಂಡ ನೋಡಿಕೊಂಡವನು. ಈ ಮೂರು ಪ್ರಶ್ನೆಗೂ ಬೇರು ಒಂದೇ ಅಂತ ನನಗೆ ಅಲ್ಲಿದ್ದಾಗ ಗೊತ್ತಾಯಿತು. ಮೊದಲು ಏಜೆಂಟ್ ವಿಷಯ ಮುಗಿಸೋಣ. ಆ 3 ಲಕ್ಷಕ್ಕೆ ಯಾರೋ ಗಡುವು ಹಾಕಿರುತ್ತಾರೆ, ಅಲ್ವಾ?

ಕೊಡಬೇಡಿ. ಡಿವಿಷನ್ ತ್ರೀ ಕಾಲೇಜುಗಳು ಕ್ರೀಡೆಗಾಗಿ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಅರ್ಧವೂ ಇಲ್ಲ, ಕಾಲೂ ಇಲ್ಲ. ಕಾಲೇಜುಗಳನ್ನು ಒನ್, ಟೂ, ತ್ರೀ ಅಂತ ಮೂರು ಡಿವಿಷನ್ ಮಾಡಿ ಅಮೆರಿಕದ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಎಂಬ ಸಂಘಟನೆಯ ನಿಯಮ ಅದು. ಆಟಗಾರರಿಗೆ ಬೇರೆ ವಿದ್ಯಾರ್ಥಿಗಳಿಗಿಂತ ಜಾಸ್ತಿ ಸಹಾಯಧನ ಹೋಗುತ್ತಿದೆಯಾ ಅಂತ ಪರೀಕ್ಷಿಸಲು ಕಾಲೇಜುಗಳು ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಹಾಗಾದರೆ ಏಜೆಂಟ್ ಹೇಳುತ್ತಿರುವುದು ಯಾವ ದುಡ್ಡು? ಮಾರ್ಕ್ಸ್ ನೋಡಿ ಎಲ್ಲರಿಗೂ ಕೊಡುವ ಮೆರಿಟ್ ರಿಯಾಯಿತಿ. ಅರ್ಜಿ ಹಾಕಿದರೆ ನಿಮ್ಮ ಮಕ್ಕಳಿಗೆ ಅದು ತಾನಾಗಿಯೇ ಬರುತ್ತದೆ. ಅದಕ್ಕೊಂದು ಹೊಸ ಹೆಸರಿಟ್ಟು ನಿಮಗೇ ಮಾರುತ್ತಿದ್ದಾರೆ, ಅಷ್ಟೇ.

ಆ ಶೇ. 10ರ ಮಾತು ಇನ್ನೂ ಅಪಾಯದ್ದು. ಆಟಗಾರರನ್ನು ಕಾಲೇಜುಗಳಿಗೆ ಪರಿಚಯಿಸುವ ಸೇವೆಗಳು ನಿಗದಿತ ಫೀಸು ತಗೊಳ್ಳಬಹುದು. ಸ್ಕಾಲರ್‌ಶಿಪ್ ಕೊಡಿಸಿದ್ದಕ್ಕೆ ಇಷ್ಟು ಪಾಲು ಅಂತ ತಗೊಂಡರೆ ಎನ್‌ಸಿಎಎ ಕಣ್ಣಲ್ಲಿ ಅವರು ‘ಏಜೆಂಟ್’ ಆಗಿಬಿಡುತ್ತಾರೆ. ಆಗ ಕುತ್ತು ಬರುವುದು ಆಡುವ ಮಗುವಿನ ಅರ್ಹತೆಗೆ. 2023ರಿಂದ ಡಿವಿಷನ್ ತ್ರೀಗೆ ಹೊಸದಾಗಿ ಸೇರುವ ವಿದೇಶಿ ಆಟಗಾರರೂ ತಾವು ಹವ್ಯಾಸಿ ಆಟಗಾರರು ಅನ್ನುವ ಪ್ರಮಾಣಪತ್ರ ಪಡೆಯಬೇಕು. ಹಾಗಾಗಿ ಇಂಥ ವ್ಯವಹಾರ ಸುಮ್ನೆ ಮುಚ್ಚಿಹೋಗುತ್ತದೆ ಅಂದುಕೊಳ್ಳಬೇಡಿ. ಮಕ್ಕಳಿಗೆ ಟೂರ್ನಿಗಳಲ್ಲಿ ಬಹುಮಾನದ ಹಣ ಬಂದಿದ್ದರೆ ಅದರ ರಸೀದಿ, ಹೋಗಿಬಂದ ಖರ್ಚಿನ ಚೀಟಿ ಎಲ್ಲ ಒಂದು ಫೈಲಿನಲ್ಲಿ ಇಡಿ. ಮತ್ತೊಂದು ಮಾತು. ಚೆನ್ನೈ ಕಾನ್ಸುಲೇಟ್‌ನ ವೀಸಾ ಕಿಟಕಿಯಲ್ಲಿ ಹುಡುಗ ‘ನನಗೆ ಫುಲ್ ಸ್ಪೋರ್ಟ್ಸ್ ಸ್ಕಾಲರ್‌ಶಿಪ್’ ಅಂದು, ಕೈಯಲ್ಲಿರುವ, ಕಾಲೇಜು ವೀಸಾಗಾಗಿ ಕೊಟ್ಟ ಐ-20 ಕಾಗದದಲ್ಲಿ ಅಂಥದ್ದು ಏನೂ ಇಲ್ಲದಿದ್ದರೆ? ಅಧಿಕಾರಿಯ ಮುಖ ಆಗ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ಈ ಗೊಂದಲ ನಮ್ಮಲ್ಲಿ ಹುಟ್ಟಿದ್ದಕ್ಕೆ ಕಾರಣ ಇದೆ. ನಾವು ಕೇಳಿದ ಕಥೆಗಳೆಲ್ಲ ಡಿವಿಷನ್ ಒನ್‌ನವು. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007, 2008ರಲ್ಲಿ ಸಿಂಗಲ್ಸ್ ಚಾಂಪಿಯನ್ ಆದರು. ಮಹೇಶ್ ಭೂಪತಿ ಮಿಸಿಸಿಪ್ಪಿಯಲ್ಲಿದ್ದಾಗ 1995ರಲ್ಲಿ ಕಾಲೇಜು ಡಬಲ್ಸ್ ಗೆದ್ದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಋತುಜಾ ಭೋಸಲೆ ಟೆಕ್ಸಸ್ ಎ ಅಂಡ್ ಎಂನಲ್ಲಿ ಆಡಿದವರು. ಅವೆಲ್ಲ ಹತ್ತಾರು ಸಾವಿರ ವಿದ್ಯಾರ್ಥಿಗಳ, ಕ್ರೀಡೆಗೆ ದೊಡ್ಡ ಬಜೆಟ್ ಇರುವ ಜಾಗಗಳು. ನಿಮಗೆ ಮೇಲ್ ಬಂದಿರುವುದು ಬೇರೆಯೇ ಲೋಕದಿಂದ.

ಆ ಲೋಕ ‘ಥರ್ಡ್ ಕ್ಲಾಸ್’ ಅಂತೂ ಅಲ್ಲ. ಭಾವನವರಿಗೆ ಹೇಳಿ: ಎಂಐಟಿ ಟೆನಿಸ್ ಆಡುವುದು ಡಿವಿಷನ್ ತ್ರೀಯಲ್ಲಿ. ಶಿಕಾಗೊ ವಿಶ್ವವಿದ್ಯಾಲಯವೂ ಅಲ್ಲೇ, ಎಮೊರಿಯೂ ಅಲ್ಲೇ. ಡಿವಿಷನ್‌ನ ಅಂಕಿ ತೋರಿಸುವುದು ಕ್ರೀಡೆಗೆ ದುಡ್ಡು ಹೇಗೆ ಹಾಕುತ್ತಾರೆ ಅನ್ನುವುದನ್ನು, ಓದಿನ ಮಟ್ಟವನ್ನಲ್ಲ. ಆಟದ ಮಟ್ಟವೂ ಒಂದೇ ಸಮ ಇಲ್ಲ. ಮಿಷಿಗನ್‌ನ ಕಲಮಜೂ ಕಾಲೇಜು ನೋಡಿ. ನಮ್ಮ ಒಂದು ಪಿಯು ಕಾಲೇಜಿನಷ್ಟು ಮಕ್ಕಳು. ಆದರೆ ಇಡೀ ಅಮೆರಿಕದ 18 ವರ್ಷದೊಳಗಿನ ಹುಡುಗರ ರಾಷ್ಟ್ರೀಯ ಚಾಂಪಿಯನ್‌ಶಿಪ್ 1943ರಿಂದ ನಡೆಯುತ್ತಿರುವುದು ಅದರ ಕೋರ್ಟುಗಳಲ್ಲಿ. ಆ ಕಾಲೇಜಿನ ಗಂಡುಮಕ್ಕಳ ತಂಡ 1991ರಿಂದ 1993ರವರೆಗೆ ಸತತ ಮೂರು ವರ್ಷ ಡಿವಿಷನ್ ತ್ರೀ ಪ್ರಶಸ್ತಿ ಗೆದ್ದಿತ್ತು. ಮೇನ್ ರಾಜ್ಯದ ಬೌಡನ್ ಕಾಲೇಜು 2016ರಲ್ಲಿ ಗೆದ್ದಿತು. ಅಂಥ ತಂಡಗಳ ಲೈನ್‌ಅಪ್‌ಗೆ, ಅಂದರೆ ಪಂದ್ಯ ಆಡುವ ಆರು ಜನರ ಪಟ್ಟಿಗೆ, ಯುಟಿಆರ್ 8.4 ಸಾಲುವುದಿಲ್ಲ. ಹತ್ತು ದಾಟಿರಬೇಕು, ಮೇಲಿನ ಸ್ಥಾನಗಳಿಗೆ ಇನ್ನೂ ಜಾಸ್ತಿ. ಕೆಳಗಿನ ತುದಿಯಲ್ಲಿ ಆರು ಜನರನ್ನು ಹೊಂದಿಸಲು ಪರದಾಡುವ ತಂಡಗಳೂ ಇವೆ. ನನ್ನ ತಂಡ ಇವೆರಡರ ನಡುವೆ ಎಲ್ಲೋ ಇತ್ತು. ಕೆಲವು ವರ್ಷ ಕೆಳಗಿನ ತುದಿಗೇ ಹತ್ತಿರ ಇತ್ತು ಅನ್ನಿ.

ಈಗ ಆ ಒಂದು ಬೇರಿಗೆ ಬರೋಣ. ಕ್ರೀಡೆಯಿಂದ ಒಂದು ಡಾಲರ್ ಟಿಕೆಟ್ ದುಡ್ಡೂ ಹುಟ್ಟದ ಸಣ್ಣ ಕಾಲೇಜು ಎರಡೆರಡು ಟೆನಿಸ್ ತಂಡ ಯಾಕೆ ಸಾಕುತ್ತದೆ? ನಾನು ಕೆಲಸಕ್ಕೆ ಸೇರಿದ ವಾರ ಅಥ್ಲೆಟಿಕ್ ಡೈರೆಕ್ಟರ್ ನನ್ನನ್ನು ಕೂರಿಸಿಕೊಂಡು ಮಾತಾಡಿದ್ದು ಗೆಲುವಿನ ಬಗ್ಗೆ ಅಲ್ಲ, ತಲೆ ಲೆಕ್ಕದ ಬಗ್ಗೆ. ‘ಹುಡುಗರು ಹನ್ನೆರಡು, ಹುಡುಗಿಯರು ಹನ್ನೆರಡು ಇರಲೇಬೇಕು.’ ಲೆಕ್ಕ ಸುಲಭ. ರಿಯಾಯಿತಿ ಕಳೆದು ಒಬ್ಬೊಬ್ಬರು ವರ್ಷಕ್ಕೆ 30 ಸಾವಿರ ಡಾಲರ್ ಕಟ್ಟುತ್ತಾರೆ ಅಂತ ಇಟ್ಟುಕೊಳ್ಳಿ. ಹನ್ನೆರಡು ಜನರ ಒಂದು ತಂಡದಿಂದ 3 ಲಕ್ಷ 60 ಸಾವಿರ ಡಾಲರ್. ಖರ್ಚು ಎಂದರೆ ಒಬ್ಬ ಕೋಚ್‌ನ ಸಂಬಳ, ಚೆಂಡುಗಳು, ಎರಡು ವ್ಯಾನ್, ದಾರಿ ಊಟ. ಟೆನಿಸ್ ಇಲ್ಲದಿದ್ದರೆ ಆ ಮಕ್ಕಳು ಆ ಊರಿನ ಹೆಸರನ್ನೂ ಕೇಳುತ್ತಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯ ಆಟಗಾರನಿಗೆ ದುಡ್ಡು ಕೊಟ್ಟು ಕರೆಸಿಕೊಳ್ಳುತ್ತದೆ. ಸಣ್ಣ ಕಾಲೇಜು ದುಡ್ಡು ಕಟ್ಟುವ ವಿದ್ಯಾರ್ಥಿಯನ್ನು ಆಟ ತೋರಿಸಿ ಕರೆಸಿಕೊಳ್ಳುತ್ತದೆ. ಇದರಲ್ಲಿ ಮೋಸ ಏನಿಲ್ಲ. ಆದರೆ ನೀವು ಇದನ್ನು ತಿಳಿದುಕೊಂಡು ಹೋಗಬೇಕು. ಕೋಚ್‌ನ ಮೇಲ್‌ನಲ್ಲಿರುವ ಪ್ರೀತಿ ಸುಳ್ಳಲ್ಲ. ಆದರೆ ಅದರ ಹಿಂದೆ ಒಂದು ಎಣಿಕೆಯೂ ಇದೆ.

ಇದರಲ್ಲಿ ಒಂದು ಒಳ್ಳೆಯ ಅಂಶವೂ ಅಡಗಿದೆ. ಆಟಕ್ಕೆ ಕೊಟ್ಟ ದುಡ್ಡಲ್ಲವಾದ್ದರಿಂದ ಆಟ ಬಿಟ್ಟರೆ ಅದು ಹೋಗುವುದೂ ಇಲ್ಲ. ಮಂಡಿಗೆ ಪೆಟ್ಟಾಯಿತು, ಕೋಚ್ ಜೊತೆ ಹೊಂದಲಿಲ್ಲ, ಲ್ಯಾಬ್ ಜಾಸ್ತಿಯಾಯಿತು, ಏನೇ ಆಗಲಿ, ಮಾರ್ಕ್ಸ್ ಇಟ್ಟುಕೊಂಡರೆ ರಿಯಾಯಿತಿ ನಾಲ್ಕು ವರ್ಷವೂ ಉಳಿಯುತ್ತದೆ. ಆಟಕ್ಕೆ ದುಡ್ಡು ಕೊಡುವ ಎಷ್ಟೋ ಜಾಗಗಳಲ್ಲಿ ಈ ನೆಮ್ಮದಿ ಇಲ್ಲ.

ಇನ್ನು ಮಗ, ಮಗಳ ವಿಷಯ. ನಿಮ್ಮ ಮಗನಿಗೆ ಅನ್ಯಾಯ ಆಗಿಲ್ಲ. ಅವನು ನಿಂತಿರುವ ಸಾಲು ಉದ್ದ, ಅಷ್ಟೇ.

ಅಮೆರಿಕದಲ್ಲಿ 1972ರಲ್ಲಿ ಬಂದ ಟೈಟಲ್ ನೈನ್ ಎಂಬ ಕಾನೂನಿದೆ. ಸರ್ಕಾರದ ದುಡ್ಡು ಮುಟ್ಟುವ ಯಾವ ಶಿಕ್ಷಣ ಸಂಸ್ಥೆಯೂ ಗಂಡು, ಹೆಣ್ಣು ಅಂತ ಭೇದ ಮಾಡಬಾರದು ಅನ್ನುತ್ತದೆ ಅದು. ವಿದ್ಯಾರ್ಥಿಗಳ ಸಹಾಯಧನದ ಮೂಲಕ ಸರ್ಕಾರದ ದುಡ್ಡು ಬರುವುದರಿಂದ ಖಾಸಗಿ ಕಾಲೇಜುಗಳೂ ಇದರೊಳಗೆ ಬಂದವು. ಕ್ರೀಡೆಯಲ್ಲಿ ಇದನ್ನು ಅಳೆಯಲು ಮೂರು ದಾರಿಗಳಿವೆ. ಒಂದು, ಕಾಲೇಜಿನಲ್ಲಿ ಹೆಣ್ಣುಮಕ್ಕಳು ಎಷ್ಟು ಪಾಲೋ ಆಟಗಾರರಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು ಇರಬೇಕು. ಇನ್ನೊಂದು, ಹೆಣ್ಣುಮಕ್ಕಳಿಗೆ ಅವಕಾಶ ಹೆಚ್ಚಿಸುತ್ತಾ ಬಂದ ಇತಿಹಾಸ ತೋರಿಸಬೇಕು. ಮತ್ತೊಂದು, ಅವರ ಆಸಕ್ತಿಗೆ ಸಾಕಾಗುವಷ್ಟು ತಂಡಗಳಿವೆ ಅಂತ ತೋರಿಸಬೇಕು. ಮೂರರಲ್ಲಿ ಒಂದು ದಾಟಿದರೆ ಸಾಕು.

ಈಗ ಒಂದು ಸಣ್ಣ ಕಾಲೇಜು ಕಣ್ಣಮುಂದೆ ತನ್ನಿ. 1,200 ವಿದ್ಯಾರ್ಥಿಗಳು. ಇಂಥ ಕಾಲೇಜುಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ. ಅಮೆರಿಕನ್ ಫುಟ್‌ಬಾಲ್ ತಂಡ ಒಂದೇ ನೂರು ಹುಡುಗರನ್ನು ತಿನ್ನುತ್ತದೆ. ಹುಡುಗಿಯರ ಕಡೆ ಅಷ್ಟು ದೊಡ್ಡ ತಂಡವೇ ಇಲ್ಲ. ತಕ್ಕಡಿ ಸಮ ಮಾಡಲು ಹುಡುಗಿಯರ ಟೆನಿಸ್, ಸಾಕರ್, ವಾಲಿಬಾಲ್ ತಂಡಗಳನ್ನು ತುಂಬಿಸಬೇಕು. ಹುಡುಗರ ಟೆನಿಸ್ ಕಡೆ ಅಂಥ ಒತ್ತಡ ಇಲ್ಲ. ಸ್ಕಾಲರ್‌ಶಿಪ್ ಕೊಡುವ ಡಿವಿಷನ್‌ಗಳಲ್ಲೂ ಇದೇ ಕಥೆ. ಡಿವಿಷನ್ ಟೂನಲ್ಲಿ ಒಂದು ಟೆನಿಸ್ ತಂಡಕ್ಕೆ ಗಂಡುಮಕ್ಕಳಿಗೆ ನಾಲ್ಕೂವರೆ ಸ್ಕಾಲರ್‌ಶಿಪ್, ಹೆಣ್ಣುಮಕ್ಕಳಿಗೆ 6. ಡಿವಿಷನ್ ಒನ್‌ನಲ್ಲಿ ಬಹಳ ವರ್ಷ ನಾಲ್ಕೂವರೆಗೆ ಎದುರಾಗಿ 8 ಇತ್ತು. ‘ನಾಲ್ಕೂವರೆ’ ಕೇಳಿ ನಗಬೇಡಿ. ಅದನ್ನೇ ಎಂಟು ಹತ್ತು ಹುಡುಗರಿಗೆ ಹಂಚುತ್ತಾರೆ.

ಇದರ ಮೇಲೆ ಆಡುವವರ ಸಂಖ್ಯೆ. ನನ್ನ ಇನ್‌ಬಾಕ್ಸಿಗೆ ಹುಡುಗರ ಮೇಲ್ ರಾಶಿ ಬೀಳುತ್ತಿತ್ತು. ಸ್ಪೇನ್, ಬ್ರೆಜಿಲ್, ಭಾರತ, ಎಲ್ಲ ಕಡೆಯಿಂದ. ಹುಡುಗಿಯರನ್ನು ನಾನೇ ಹುಡುಕಿಕೊಂಡು ಹೋಗಬೇಕಿತ್ತು. ಒಂದು ಪಂದ್ಯಕ್ಕೆ ಮೂರು ಡಬಲ್ಸ್, ಆರು ಸಿಂಗಲ್ಸ್. ಐದೇ ಹುಡುಗಿಯರಿದ್ದರೆ ಮೂರನೇ ಡಬಲ್ಸ್, ಆರನೇ ಸಿಂಗಲ್ಸ್ ಆಡದೇ ಸೋತ ಹಾಗೆ. ಒಂದು ವರ್ಷ ವಾಲಿಬಾಲ್ ಆಡುತ್ತಿದ್ದ ಹುಡುಗಿಯನ್ನು ಕಾಡಿಬೇಡಿ ಆರನೇ ಸ್ಥಾನಕ್ಕೆ ನಿಲ್ಲಿಸಿದ್ದೆ. ಸರ್ವಿಸ್ ಹೊಡೆತ ಮಾತ್ರ ಭಯಂಕರ ಇತ್ತು, ಚೆಂಡು ಕೋರ್ಟಿನೊಳಗೆ ಬಿದ್ದಾಗ. ಇಂಥ ಕಡೆ ನಿಮ್ಮ ಮಗಳ 6.3 ನಿಜಕ್ಕೂ ಮೇಲಿನ ಸ್ಥಾನದ ಆಟ. ಮಗನ 8.4 ಆರು, ಏಳು, ಎಂಟರ ಆಸುಪಾಸು. ಕೋಚ್ ಇದನ್ನು ಮುಚ್ಚಿಡದೆ ಹೇಳಿದ್ದಾರಲ್ಲ, ಅದು ಅವರ ಬಗ್ಗೆ ಒಳ್ಳೆಯ ಸೂಚನೆ. ಎಲ್ಲರಿಗೂ ‘ನೀನೇ ನಂಬರ್ ಒನ್’ ಅನ್ನುವ ಕೋಚ್‌ಗಳನ್ನೂ ನೋಡಿದ್ದೇನೆ.

ತಂಡ ನಿಲ್ಲಿಸಿದರೆ ಅಂತ ಕೇಳಿದ್ದೀರಿ. ಆಗುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಡಿವಿಷನ್ ಒನ್‌ನ ವಿನ್‌ತ್ರೋಪ್, ಗ್ರೀನ್ ಬೇ ವಿಶ್ವವಿದ್ಯಾಲಯಗಳೇ ಎರಡೂ ಟೆನಿಸ್ ತಂಡ ಕೈಬಿಟ್ಟವು. ಕನೆಕ್ಟಿಕಟ್ ವಿಶ್ವವಿದ್ಯಾಲಯ ಹುಡುಗರ ತಂಡವನ್ನು ಮಾತ್ರ ನಿಲ್ಲಿಸಿತು. ಹುಡುಗಿಯರ ತಂಡ ತೆಗೆದರೆ ಟೈಟಲ್ ನೈನ್ ಲೆಕ್ಕ ಕೆಡಬಹುದು, ಹಾಗಾಗಿ ಕತ್ತರಿ ಮೊದಲು ಹುಡುಗರ ಕಡೆಗೇ ಹೋಗುತ್ತದೆ. ಸಣ್ಣ ಕಾಲೇಜಿನಲ್ಲಿ ಟೆನಿಸ್‌ಗೆ ಸ್ವಲ್ಪ ರಕ್ಷಣೆ ಇದೆ. ಡಿವಿಷನ್ ತ್ರೀಯಲ್ಲಿ ಉಳಿಯಬೇಕಾದರೆ ಗಂಡುಮಕ್ಕಳಿಗೆ ಕನಿಷ್ಠ ಐದು ಆಟ, ಹೆಣ್ಣುಮಕ್ಕಳಿಗೆ ಐದು ಆಟ ಇರಬೇಕು, ವಿದ್ಯಾರ್ಥಿಗಳು ಸಾವಿರ ದಾಟಿದರೆ ಆರಾರು. ಟೆನಿಸ್ ಅಗ್ಗದ ಆಟವಾದ್ದರಿಂದ ಆ ಸಂಖ್ಯೆ ತುಂಬಲು ಅನುಕೂಲ.

ನನಗೆ ಹೆಚ್ಚು ಭಯ ಇರುವುದು ತಂಡದ ಬಗ್ಗೆ ಅಲ್ಲ, ಕಾಲೇಜಿನ ಬಗ್ಗೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2024ರ ಮೇ 31ರಂದು ಬಾಗಿಲು ಹಾಕಿತು. ಆ ದಿನ ಅದರ ಬೇಸ್‌ಬಾಲ್ ತಂಡ ಒಹಾಯೋದಲ್ಲಿ ಡಿವಿಷನ್ ತ್ರೀ ರಾಷ್ಟ್ರೀಯ ಟೂರ್ನಿ ಆಡುತ್ತಿತ್ತು. ಕಾಲೇಜು ಮುಚ್ಚಿದ ಮೇಲೂ ತಂಡ ಆಡಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು, ಪೆನ್ಸಿಲ್ವೇನಿಯಾದ ಕ್ಯಾಬ್ರಿನಿ ವಿಶ್ವವಿದ್ಯಾಲಯವೂ ಮುಚ್ಚಿದವು. ಎಲ್ಲವೂ ಡಿವಿಷನ್ ತ್ರೀಯವೇ.

ವೀಸಾಗೆ ತಂಡದ ಸಂಬಂಧ ಇಲ್ಲ. ಎಫ್-1, ಅಂದರೆ ವಿದ್ಯಾರ್ಥಿ ವೀಸಾ, ನಿಂತಿರುವುದು ಪೂರ್ಣಾವಧಿ ಓದಿನ ಮೇಲೆ. ತಂಡ ಹೋದರೂ ಓದು ನಡೆಯುತ್ತಿದ್ದರೆ ವೀಸಾ ಗಟ್ಟಿ. ಕಾಲೇಜೇ ಮುಚ್ಚಿದರೆ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯನ್ನು, ಅದಕ್ಕೆ ಸೆವಿಸ್ ಅನ್ನುತ್ತಾರೆ, ಮಾನ್ಯತೆ ಇರುವ ಬೇರೆ ಕಾಲೇಜಿಗೆ ವರ್ಗಾಯಿಸಿಕೊಳ್ಳಬೇಕು. ಆಗುವ ಕೆಲಸವೇ. ಆದರೆ ಕ್ರೆಡಿಟ್ ಎಷ್ಟು ಒಪ್ಪುತ್ತಾರೆ, ರಿಯಾಯಿತಿ ಎಷ್ಟು ಕೊಡುತ್ತಾರೆ ಅನ್ನುವುದೇ ತಲೆನೋವು.

ಇದನ್ನು ಮೊದಲೇ ಅಳೆಯಲು ಸಾಧ್ಯ. ಆಟಗಾರರ ಸಂಖ್ಯೆ, ತಂಡದ ಖರ್ಚು, ಗಂಡು ಎಷ್ಟು, ಹೆಣ್ಣು ಎಷ್ಟು, ಎಲ್ಲವನ್ನೂ ಕಾಲೇಜುಗಳು ಪ್ರತಿ ವರ್ಷ ಅಮೆರಿಕದ ಶಿಕ್ಷಣ ಇಲಾಖೆಗೆ ಕೊಡಬೇಕು. ಈಎಡಿಎ ವರದಿ ಅಂತ ಹುಡುಕಿದರೆ ಯಾರು ಬೇಕಾದರೂ ಬಿಟ್ಟಿ ನೋಡಬಹುದು. ಐದು ವರ್ಷದ ಟೆನಿಸ್ ಅಂಕಿ ತೆಗೆಯಿರಿ. ಹುಡುಗರು ಹನ್ನೊಂದರಿಂದ ಏಳಕ್ಕೆ ಇಳಿದಿದ್ದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ಖಾಸಗಿ ಕಾಲೇಜುಗಳ ತೆರಿಗೆ ಕಾಗದ, ಫಾರ್ಮ್ 990, ಅದೂ ಬಹಿರಂಗ. ವರ್ಷದ ಮೇಲೆ ವರ್ಷ ಆದಾಯಕ್ಕಿಂತ ಖರ್ಚು ಜಾಸ್ತಿ, ಜೊತೆಗೆ ವಿದ್ಯಾರ್ಥಿಗಳ ಸಂಖ್ಯೆಯೂ ಇಳಿಯುತ್ತಿದ್ದರೆ ಅಲ್ಲಿಗೆ ಮಕ್ಕಳನ್ನು ಕಳಿಸಬೇಡಿ. ಕೋಚ್ ಎಷ್ಟೇ ಒಳ್ಳೆಯವರಾಗಿರಲಿ. ನಾನು ಕೆಲಸ ಮಾಡಿದ ಕಾಲೇಜು ಮುಂದಿನ ವರ್ಷ ಏನಾಗುತ್ತದೆ ಅನ್ನುವುದು ನನಗೂ ಕೊನೆಗೆ ಗೊತ್ತಾಗುತ್ತಿತ್ತು.

ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ. ಮಕ್ಕಳ ಓದು ತುಂಬಾ ಚೆನ್ನಾಗಿದ್ದರೆ ಮೇಲಿನ ಸಾಲಿನ ಕಾಲೇಜುಗಳನ್ನು ನೋಡಿ. ಆಮ್ಹರ್ಸ್ಟ್, ಬೌಡನ್, ಎಂಐಟಿ ವಿದೇಶಿ ವಿದ್ಯಾರ್ಥಿಗಳನ್ನೂ ಮನೆಯ ಆದಾಯ ನೋಡದೆ ಆಯ್ಕೆ ಮಾಡುತ್ತವೆ, ಆಮೇಲೆ ಆದಾಯಕ್ಕೆ ತಕ್ಕ ಹಾಗೆ ಸಹಾಯ ಕೊಡುತ್ತವೆ. ಧಾರವಾಡದ ಸಂಬಳದ ಮನೆಗೆ ಅದು ಬಹಳ ದೊಡ್ಡ ಮೊತ್ತ. ಆದರೆ ಅಲ್ಲಿ ಸೀಟು ಸಿಗುವುದೇ ಕಷ್ಟ, ನಿಮ್ಮ ಮಕ್ಕಳ ಯುಟಿಆರ್ ಅಲ್ಲಿ ಬಾಗಿಲು ತೆಗೆಸುವಷ್ಟಿಲ್ಲ.

ಮೇಲ್ ಬಂದಿರುವಂಥ ಸಾಧಾರಣ ಕಾಲೇಜು ಇನ್ನೊಂದು ದಾರಿ. ಕಾಲೇಜು ಪ್ರಕಟಿಸಿರುವ ಫೀಸು ನೋಡಿ ಹೆದರಬೇಡಿ. ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಕೊಡುವ ಸರಾಸರಿ ರಿಯಾಯಿತಿಯೇ ಟ್ಯೂಷನ್‌ನ ಅರ್ಧಕ್ಕಿಂತ ಜಾಸ್ತಿ. ಹಾಗಂತ ಉಳಿದದ್ದು ಕಡಿಮೆಯೇನಲ್ಲ, ಅದೂ ನಿಮಗೆ ಎರಡು ಪಟ್ಟು. ಅಮೆರಿಕ ಸರ್ಕಾರದ ಸಹಾಯಧನ, ಸಾಲ ವಿದೇಶಿಯರಿಗೆ ಇಲ್ಲ. ಎಫ್-1ನಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಅದು ಮಕ್ಕಳ ಕೈಖರ್ಚಿಗೆ ಆಗುತ್ತದೆ, ಫೀಸಿಗೆ ಆಗುವುದಿಲ್ಲ. ಇಬ್ಬರ ನಾಲ್ಕು ವರ್ಷದ ಲೆಕ್ಕ ಮನೆ ಅಡವಿಟ್ಟರೆ ಮಾತ್ರ ಹೊಂದುತ್ತದೆ ಅನ್ನುವುದಾದರೆ ನನ್ನ ಸಲಹೆ, ಬೇಡ.

ಆಟಕ್ಕೇ ದುಡ್ಡು ಬೇಕು ಅಂದರೆ ಡಿವಿಷನ್ ಟೂ ಅಥವಾ ಎನ್‌ಎಐಎ ಎಂಬ ಬೇರೆ ಸಂಘಟನೆಯ ಕಾಲೇಜುಗಳು. ಅವೂ ಸಣ್ಣವೇ, ಆದರೆ ಟೆನಿಸ್ ಸ್ಕಾಲರ್‌ಶಿಪ್ ಇದೆ. ಮಗಳಿಗೆ ಅಲ್ಲಿ ಪ್ರಯತ್ನ ಮಾಡಬಹುದು. ಮಗನಿಗೆ ಕಷ್ಟ. ಯುರೋಪು, ದಕ್ಷಿಣ ಅಮೆರಿಕದ ದೊಡ್ಡ ವಯಸ್ಸಿನ ಹುಡುಗರು ಆ ಜಾಗಗಳನ್ನು ತುಂಬಿದ್ದಾರೆ. ಆ ಒಪ್ಪಂದ ಎಷ್ಟೋ ಕಡೆ ವರ್ಷಕ್ಕೊಮ್ಮೆ ನವೀಕರಣ. ಕೋಚ್ ಬದಲಾದರೆ ನಿಮ್ಮ ಲೆಕ್ಕವೂ ಬದಲಾಗಬಹುದು. ಇಲ್ಲೇ ಓದಿ, ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿ, ಮಾಸ್ಟರ್ಸ್‌ಗೆ ಹೋಗುವುದೂ ಒಂದು ದಾರಿ. ಖರ್ಚು ತುಂಬಾ ಕಡಿಮೆ, ಆದರೆ ಆಟ ಅಷ್ಟರಲ್ಲಿ ತಣ್ಣಗಾಗುತ್ತದೆ. ನಿಮ್ಮ ಮಗನಿಗೆ ಇದು ತಪ್ಪು ದಾರಿ ಅಂತ ನನಗೆ ಅನ್ನಿಸುವುದಿಲ್ಲ.

ಅಲ್ಲಿನ ಕೋಚ್‌ಗಳು ‘ಕಾಲು ಮುರಿದರೆ?’ ಅಂತ ಒಂದು ಪರೀಕ್ಷೆ ಹೇಳುತ್ತಾರೆ. ಮೊದಲ ವಾರವೇ ಕಾಲು ಮುರಿದು ಆಟ ನಿಂತರೂ ಈ ಕಾಲೇಜಿನಲ್ಲಿ ಇರಲು ಇಷ್ಟವಾ? ಮಕ್ಕಳನ್ನು ಬೇರೆ ಬೇರೆ ಕೂರಿಸಿ ಕೇಳಿ. ಮಗ ಯಾವ ವಿಷಯ ಓದಬೇಕು ಅಂದುಕೊಂಡಿದ್ದಾನೆ ಅಂತ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಅಷ್ಟು ಸಣ್ಣ ಕಾಲೇಜಿನಲ್ಲಿ ಆ ವಿಭಾಗವೇ ಇಲ್ಲದಿರಬಹುದು, ನೋಡಿಕೊಳ್ಳಿ.

ದಿನಚರಿಯೂ ಗೊತ್ತಿರಲಿ. ಒಬ್ಬನೇ ಕೋಚ್ ಎರಡೂ ತಂಡ ನೋಡಿಕೊಳ್ಳುವುದು ಮಾಮೂಲು. ಮೂರೂವರೆಗೆ ಹುಡುಗಿಯರು, ಐದೂವರೆಗೆ ಹುಡುಗರು, ವ್ಯಾನ್ ಓಡಿಸುವವನೂ ಅವನೇ. ಚಳಿಗಾಲದಲ್ಲಿ ಹೊರಗೆ ಹಿಮ. ಒಳಾಂಗಣ ಕೋರ್ಟು ಸ್ವಂತದ್ದಿಲ್ಲದ ಕಾಲೇಜು ಖಾಸಗಿ ಕ್ಲಬ್‌ನಲ್ಲಿ ಬಾಡಿಗೆಗೆ ತಗೊಳ್ಳುತ್ತದೆ. ಅವರು ಕೊಡುವುದು ಬೆಳಿಗ್ಗೆ ಆರು ಗಂಟೆ ಇಲ್ಲವೇ ರಾತ್ರಿ ಒಂಬತ್ತು. ಮಾರ್ಚ್‌ನಲ್ಲಿ ಒಂದು ವಾರ ಫ್ಲಾರಿಡಾಗೆ ಹೋಗಿ ಬಿಸಿಲು ಕಂಡು ಆಡಿ ಬರುತ್ತಾರೆ, ಅದಕ್ಕೆ ಮಕ್ಕಳೇ ಚಂದಾ ಎತ್ತುವುದೂ ಉಂಟು. ಧಾರವಾಡದ ಬಿಸಿಲಲ್ಲಿ ಬೆಳೆದವರಿಗೆ ಫೆಬ್ರವರಿ ಕಷ್ಟ.

ಕೋಚ್‌ಗೆ ಉತ್ತರ ಬರೆಯುವುದು ಮಕ್ಕಳ ಕೆಲಸ, ನಿಮ್ಮದಲ್ಲ. ಅಪ್ಪ ಅಮ್ಮ ಬರೆದ ಮೇಲ್ ಎರಡನೇ ಸಾಲಿಗೇ ನಮಗೆ ಗೊತ್ತಾಗುತ್ತಿತ್ತು. ಈಗ ಎಷ್ಟು ಜನ ಇದ್ದಾರೆ, ಕೊನೇ ವರ್ಷದವರು ಎಷ್ಟು, ನಾಲ್ಕು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟು ಜನ ಇನ್ನೂ ಆಡುತ್ತಿದ್ದಾರೆ, ನೀವು ಪೂರ್ಣಾವಧಿ ಕೋಚಾ, ಚಳಿಗಾಲದಲ್ಲಿ ಎಲ್ಲಿ ಆಡುತ್ತೀರಿ, ಇಷ್ಟನ್ನು ಕೇಳಲಿ. ಹನ್ನೊಂದನೇ ಕ್ಲಾಸಿನ ಮಾರ್ಕ್ಸ್ ಬಂದ ಮೇಲೆ ಅಡ್ಮಿಷನ್ ಆಫೀಸಿನಿಂದ ಒಂದು ‘ಪ್ರೀ-ರೀಡ್’ ಮಾಡಿಸಿಕೊಡಿ ಅಂತಲೂ ಕೇಳಬಹುದು. ಸೀಟು ಸಿಗುವ ಸಾಧ್ಯತೆ, ರಿಯಾಯಿತಿಯ ಅಂದಾಜು ಅಲ್ಲಿ ತಿಳಿಯುತ್ತದೆ. ಆ ಅಂಕಿ ಲಿಖಿತವಾಗಿ ಬರುವ ತನಕ ‘ಅರ್ಲಿ ಡಿಸಿಷನ್’ ಕಾಗದಕ್ಕೆ ಸಹಿ ಬೇಡ, ಅದು ಸೀಟು ಸಿಕ್ಕರೆ ಸೇರುತ್ತೇನೆ ಅನ್ನುವ ಒಪ್ಪಂದ. ಮತ್ತೆ, ಎರಡು ಮೇಲ್ ಎರಡು ದಿನ ಹೋಗಲಿ. ಅವಳಿ ಮಕ್ಕಳ ಮೇಲ್ ಒಟ್ಟಿಗೆ ಬಂದರೆ ಕೋಚ್ ತಂಗಿಯನ್ನು ಕರೆಸಿಕೊಳ್ಳಲು ಅಣ್ಣನಿಗೂ ಜಾಗ ಕೊಡುವ ಲೆಕ್ಕ ಹಾಕುತ್ತಾನೆ. ನಾನೂ ಒಮ್ಮೆ ಹಾಕಿದ್ದೆ. ಆ ಹುಡುಗ ಎರಡು ವರ್ಷ ಹೆಚ್ಚಿನ ದಿನ ಸ್ಕೋರ್ ಬರೆದುಕೊಂಡೇ ಕೂತಿದ್ದ.